ಎಡಕ್ಕೆ ಕಡಲು, ಎಡಕ್ಕೇ ಬಾಗಿಲು

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿ.ಮೀ. ಬೆಳಿಗ್ಗೆ ತಿಂಡಿ ತಿಂದು ಕಾರು ಹತ್ತಿದವರು ತುಸು ತಡವಾದ ಊಟಕ್ಕೆ ಕಾರವಾರದಲ್ಲಿರುತ್ತಾರೆ. ಕ್ಯಾಂಪರ್ ವ್ಯಾನ್‌ನಲ್ಲಿ (ಒಳಗೇ ಮಲಗಲು, ಅಡುಗೆಗೆ ಅನುಕೂಲವಿರುವ ವ್ಯಾನ್) ಹೊರಡುವವರು ಇದಕ್ಕೆ ಮೂರು ರಾತ್ರಿ ಇಟ್ಟುಕೊಳ್ಳಿ. ಮೊದಲು ರಾತ್ರಿ ತಂಗುವ ಜಾಗ ಗೊತ್ತುಮಾಡಿಕೊಳ್ಳಿ, ದಾರಿಯ ಯೋಚನೆ ಆಮೇಲೆ.

ದಿಕ್ಕು ಮಾತ್ರ ದಕ್ಷಿಣದಿಂದ ಉತ್ತರಕ್ಕೇ ಇರಲಿ. ಹಾಗೆ ಹೋದರೆ ಕಡಲು ನಿಮ್ಮ ಎಡಕ್ಕಿರುತ್ತದೆ, ಬೀಚಿಗೆ ತಿರುಗಲು ಚತುಷ್ಪಥ ದಾಟಬೇಕಿಲ್ಲ. ನಮ್ಮಲ್ಲಿ ಟೆಂಪೊ ಟ್ರಾವೆಲರ್ ಮೇಲೆ ಕಟ್ಟಿದ ವ್ಯಾನ್‌ಗಳ ಬಾಗಿಲೂ ಎಡಗಡೆಯೇ. ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ ಬಾಗಿಲು ತೆರೆದರೆ ಎದುರಿಗೆ ಅಲೆ. ತಿರುಗಿ ನಿಲ್ಲಿಸಿದರೆ ಯಾರದೋ ಮನೆಯ ಕಾಂಪೌಂಡು.

ಕಾಲ ನವೆಂಬರ್‌ನಿಂದ ಫೆಬ್ರುವರಿ. ಮಾರ್ಚ್ ಕಳೆದರೆ ಸೆಕೆಗೆ ವ್ಯಾನಿನೊಳಗೆ ಮಲಗಲಾಗದು. ಮಳೆಗಾಲ ಬೇಡವೇ ಬೇಡ: 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ಹೆದ್ದಾರಿಯ ಮೇಲೆ. (ಬೈಂದೂರಿನ ಬಳಿಯೂ ಒಂದು ಶಿರೂರು ಇದೆ, ಮ್ಯಾಪ್ ನೋಡುವಾಗ ಗೊಂದಲ ಬೇಡ.)

ಹೆದ್ದಾರಿ ಹಿಡಿದರೆ ದಾರಿಯುದ್ದಕ್ಕೂ ಕಡಲು ಕಾಣುತ್ತದೆ ಎಂದುಕೊಂಡರೆ ನಿರಾಸೆಯೇ. ಹೆಚ್ಚಿನ ಕಡೆ ತೆಂಗಿನ ತೋಟ, ಗದ್ದೆ, ಪೇಟೆ ಅಡ್ಡ. ಆದ್ದರಿಂದ ಮೊದಲ ದಿನ ಪಡುಬಿದ್ರಿ ಬೀಚ್, 1901ರ ಕಾಪು ದೀಪಸ್ತಂಭ ನೋಡಿಕೊಂಡು ಮಲ್ಪೆಯ ಆಸುಪಾಸಿನಲ್ಲಿ ಉಳಿಯಿರಿ. ಮರುದಿನ ನಸುಕಿಗೇ ಬಂದರಿನಲ್ಲಿ ಮೀನು ಸಿಗುತ್ತದೆ. ಹುರಿಯುವುದಿದ್ದರೆ ಒಲೆ ಹೊರಗಿಡಿ. ಒಳಗೆ ಅಂಜಲ್ ಹುರಿದ ವ್ಯಾನಿನ ಪರದೆಗಳು ಎರಡು ದಿನ ಅದೇ ಪರಿಮಳದಲ್ಲಿರುತ್ತವೆ.

ಕುಂದಾಪುರ ದಾಟಿದ ಮೇಲೆ ಮರವಂತೆ. ಇಲ್ಲಿ ಮಾತ್ರ ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಹೆದ್ದಾರಿ ಅಂಚಿನಲ್ಲಿ ನಿಲ್ಲಿಸಬೇಡಿ, ಲಾರಿಗಳ ವೇಗ ಅಂಥದ್ದು. ನೀರಿಗೂ ಇಳಿಯಬೇಡಿ. ಎರಡನೆಯ ರಾತ್ರಿ ಬೈಂದೂರು ಕಡೆ, ಮೂರನೆಯದು ಮುರುಡೇಶ್ವರ ದಾಟಿ ಹೊನ್ನಾವರದ ಕಾಸರಕೋಡಿನ ಸುತ್ತ. ಕಾಸರಕೋಡು ಬೀಚಿಗೂ ಪಡುಬಿದ್ರಿಗೂ 2020ರಲ್ಲಿ ಶುಚಿಯಾದ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತ್ತು. ಕೊನೆಯ ದಿನ ಮಿರ್ಜಾನ್ ಕೋಟೆ. ಗೋಕರ್ಣದ ರಥಬೀದಿಗೆ ವ್ಯಾನ್ ನುಗ್ಗಿಸದೆ ಊರ ಹೊರಗೆ ಬಿಟ್ಟು ನಡೆಯಿರಿ. ಕಾರವಾರಕ್ಕೆ ಮುಂಚೆ ನೌಕಾನೆಲೆಯ ಪ್ರದೇಶ ಬರುತ್ತದೆ, ಅಲ್ಲಿ ನಿಲ್ಲಿಸುವುದೂ ಫೋಟೊ ತೆಗೆಯುವುದೂ ಬೇಡ.

ತಂಗಲು ಹೋಂಸ್ಟೇ ಅಂಗಳವೇ ವಾಸಿ. ಫೋನಿನಲ್ಲಿ ನಾಲ್ಕು ಮಾತು ಕೇಳಿಕೊಳ್ಳಿ: ಗೇಟು, ಕಮಾನು ಎಷ್ಟು ಎತ್ತರ? 15 ಆಂಪಿಯರ್ ಪ್ಲಗ್ ಇದೆಯಾ (ರಾತ್ರಿಯಿಡೀ ಎಸಿ ಓಡಬೇಕಾದರೆ ಇದು ಬೇಕೇ ಬೇಕು)? ಟ್ಯಾಂಕಿಗೆ ಸಿಹಿನೀರು ಹಿಡಿಯಬಹುದಾ? ವ್ಯಾನಿನ ಟಾಯ್ಲೆಟ್ ಡಬ್ಬಿ ನಿಮ್ಮ ಕಕ್ಕಸಿನಲ್ಲಿ ಖಾಲಿ ಮಾಡಬಹುದಾ? ಕೊನೆಯದನ್ನು ಕೇಳಲು ನಾಚಿಕೆಯಾಗುತ್ತದೆ ನಿಜ, ಆದರೆ ಹೊಳೆಗೆ ಸುರಿಯುವುದಕ್ಕಿಂತ ನಾಚುವುದು ಮೇಲು. ಕಡಲಂಚಿನ ಕೆಲವು ಬಾವಿಗಳ ನೀರು ಉಪ್ಪು, ತುಂಬಿಸುವ ಮುನ್ನ ಬಾಯಿಗೆ ಹಾಕಿ ನೋಡಿ.

ನಿಲ್ಲಿಸುವಾಗ ಮೇಲೆ ನೋಡಿ. ತೆಂಗಿನ ಮರದ ನೆರಳು ಆಸೆ ಹುಟ್ಟಿಸುತ್ತದೆ. ಒಂದು ಕಾಯಿ ಬಿದ್ದರೆ ಸೋಲಾರ್ ಫಲಕ ಹೋಯಿತು. ಕೆಳಗೂ ನೋಡಿ: ಭಾರದ ವ್ಯಾನ್ ಒಣ ಮರಳಿಗೆ ಇಳಿದರೆ ಎಳೆಯಲು ಟ್ರ್ಯಾಕ್ಟರೇ ಬರಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಉಬ್ಬರ ಜೋರಾಗಿರುವುದರಿಂದ ಇನ್ನಷ್ಟು ಹಿಂದೆ ನಿಲ್ಲಿಸಿ.

ಬಾಡಿಗೆ ವ್ಯಾನ್ ಆಗಿದ್ದು, ಕಾಳಿ ನದಿ ದಾಟಿ ಗೋವಾಕ್ಕೂ ಹೋಗಿಬರುವ ಮನಸ್ಸಿದ್ದರೆ ಪರ್ಮಿಟ್ ವಿಷಯ ಹೊರಡುವ ಮೊದಲೇ ಮಾಲೀಕರಲ್ಲಿ ಇತ್ಯರ್ಥವಾಗಲಿ. ಸ್ವಂತದ್ದಾದರೆ ಮನೆಗೆ ಬಂದ ಮರುದಿನವೇ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ, ಉಪ್ಪು ತುಕ್ಕು ಹಿಡಿಸುತ್ತದೆ. ಬಾಗಿಲಿನ ಸಂದಿಗಳಲ್ಲಿ ಸೇರಿಕೊಂಡ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆಯಿರಿ.