ಒಂದು ಮೇಜುದೀಪಕ್ಕಾಗಿ ಬರೆದ ಅರ್ಜಿ

ನನ್ನ ಕಣ್ಣಿನ ತೊಂದರೆಯನ್ನು ಬೇರೆಯವರಿಗೆ ವಿವರಿಸುವುದು ಸುಲಭವಲ್ಲ. ಎದುರಿಗೆ ನಿಂತವರ ಮುಖ ನನಗೆ ಸ್ಪಷ್ಟವಾಗಿಯೇ ಕಾಣುತ್ತದೆ. ಅವರು ನನ್ನತ್ತ ಚಾಚಿದ ಕೈ ಕಾಣುವುದಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಈ ಕಾಯಿಲೆಯಲ್ಲಿ, ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಜೀವಕೋಶಗಳು ಮೊದಲು ನಶಿಸುತ್ತವೆ. ಆರಂಭದಲ್ಲಿ ಇರುಳುಗುರುಡು, ಅನಂತರ ನೋಟದ ವಿಸ್ತಾರ ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬಂದು, ಕೊಳವೆಯೊಂದರ ಮೂಲಕ ಜಗತ್ತನ್ನು ನೋಡಿದಂತಾಗುತ್ತದೆ. ಹೀಗಾಗಿ ಹಗಲು ಹೊತ್ತಿನಲ್ಲಿ ಪರಿಚಿತ ದಾರಿಯಲ್ಲಿ ನಡೆದುಹೋಗುವ ನನ್ನನ್ನು ನೋಡಿದವರು ಇವಳಿಗೆ ಕಣ್ಣು ಕಾಣುತ್ತದೆ ಎಂದೇ ತಿಳಿಯುತ್ತಾರೆ, ಸಂಜೆಯಾದ ಮೇಲೆ ಮೆಟ್ಟಿಲಲ್ಲಿ ಎಡವಿದ್ದನ್ನು ನೋಡಿದವರು ಗಮನವಿಲ್ಲದ ಹುಡುಗಿ ಎನ್ನುತ್ತಾರೆ.

2021ರ ಕೊನೆಯಲ್ಲಿ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಇತಿಹಾಸ ಎಂ.ಎ.ಗೆ ಸೇರಿದಾಗ ನಾನು ಈ ವಿಷಯವನ್ನು ಯಾರಿಗೂ ಹೇಳಿರಲಿಲ್ಲ. ಮೊದಲ ಸೆಮಿಸ್ಟರ್ ಪರೀಕ್ಷೆಯನ್ನು ಎಲ್ಲರಂತೆಯೇ ಬರೆದೆ. ಪ್ರತಿ ಪತ್ರಿಕೆಗೂ ಕೊಠಡಿ ಬದಲಾಗುತ್ತಿತ್ತು. ಸೂಚನಾ ಫಲಕದ ಮುಂದಿನ ನೂಕುನುಗ್ಗಲಿನಲ್ಲಿ ನನ್ನ ಸಂಖ್ಯೆಯನ್ನು ಹುಡುಕಿ, ಕೊಠಡಿ ಸೇರಿ, ಬೆಂಚುಗಳ ನಡುವೆ ನನ್ನ ಜಾಗ ಪತ್ತೆಮಾಡುವಷ್ಟರಲ್ಲಿ ಹತ್ತು ನಿಮಿಷ ಕಳೆದುಹೋಗುತ್ತಿತ್ತು. ಮಂದ ಬೆಳಕಿನ ಕೊಠಡಿಯಲ್ಲಿ ಉತ್ತರಪತ್ರಿಕೆಯ ತಿಳಿ ಗೆರೆಗಳು ಕಾಣದೆ ಬರೆದ ಸಾಲಿನ ಮೇಲೆಯೇ ಮತ್ತೊಂದು ಸಾಲು ಬರೆದೆ. ಒಂದು ಪತ್ರಿಕೆಯಲ್ಲಿ ಹಾಳೆಯ ತಳಭಾಗದಲ್ಲಿದ್ದ, ಚೆನ್ನಾಗಿ ಗೊತ್ತಿದ್ದ ಹತ್ತು ಅಂಕದ ಪ್ರಶ್ನೆಯೊಂದು ನನ್ನ ಕೊಳವೆಯೊಳಗೆ ಬರಲೇ ಇಲ್ಲ. ಹೊರಗೆ ಬಂದು ಗೆಳತಿಯರ ಮಾತು ಕೇಳಿದ ಮೇಲೆಯೇ ಅಂಥ ಪ್ರಶ್ನೆಯಿತ್ತೆಂದು ತಿಳಿದದ್ದು. ಆ ಸಂಜೆ ಅಪ್ಪನಿಗೆ ಫೋನ್ ಮಾಡಿ, ವಿಕಲಚೇತನರ ಪ್ರಮಾಣಪತ್ರ ಮಾಡಿಸೋಣ ಎಂದೆ. ಅಲ್ಲಿಯವರೆಗೆ ಆ ಮಾತನ್ನು ತಪ್ಪಿಸುತ್ತ ಬಂದವಳು ನಾನೇ. ಅಪ್ಪ ಎಂದೂ ಬೇಡವೆಂದಿರಲಿಲ್ಲ.

ನಮ್ಮ ಗ್ರಾಮ ಪಂಚಾಯಿತಿಯಲ್ಲಿದ್ದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯುಡಿಐಡಿ ಎಂಬ, ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡಿಗೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿಕೊಟ್ಟರು. 2021ರ ಜೂನ್ 1ರಿಂದ ಅಂಗವೈಕಲ್ಯದ ಪ್ರಮಾಣಪತ್ರವನ್ನು ಈ ಜಾಲತಾಣದ ಮೂಲಕವೇ ಕೊಡಬೇಕೆಂಬ ನಿಯಮ ಬಂದಿದ್ದರಿಂದ ಬೇರೆ ದಾರಿಯೂ ಇರಲಿಲ್ಲ. ಆಧಾರ್, ಭಾವಚಿತ್ರ, ಸಹಿ, ಹಳೆಯ ವೈದ್ಯಕೀಯ ದಾಖಲೆ, ಇಷ್ಟೇ ಬೇಕಾದದ್ದು. ಅರ್ಜಿ ಹಾಕುವುದು ಅರ್ಧ ಗಂಟೆಯ ಕೆಲಸ. ನಿಜವಾದ ತೊಡಕು ಎದುರಾದದ್ದು ಆಸ್ಪತ್ರೆಯಲ್ಲಿ.

ತಪಾಸಣೆಯ ದಿನ ಗೋಡೆಯ ಮೇಲಿನ ಅಕ್ಷರಗಳ ಫಲಕವನ್ನು ಓದಿಸಿದರು. ಬಲಗಣ್ಣು 6/12, ಎಡಗಣ್ಣು 6/24; ಅಂದರೆ ಸಹಜ ಕಣ್ಣು 12 ಮೀಟರಿನಿಂದ ಓದುವುದನ್ನು ನನ್ನ ಬಲಗಣ್ಣು, 24 ಮೀಟರಿನಿಂದ ಓದುವುದನ್ನು ಎಡಗಣ್ಣು 6 ಮೀಟರಿನಿಂದ ಓದುತ್ತದೆ. ಅಷ್ಟಕ್ಕೇ ಪರೀಕ್ಷೆ ಮುಗಿಯಿತು, ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ. 10 ಎಂದು ಬಂತು. ಫಲಕದ ಅಕ್ಷರಗಳು ನೇರ ಎದುರಿಗೇ ಇರುವುದರಿಂದ ಕೊಳವೆಯ ನೋಟದವರೂ ಅವನ್ನು ಓದಬಲ್ಲರು. ಹೀಗಾಗಿ ನನ್ನ ತೊಂದರೆ ಎಲ್ಲಿದೆಯೋ ಅಲ್ಲಿ ಯಾರೂ ನೋಡಿರಲಿಲ್ಲ. ಆಗ ಜಾರಿಯಲ್ಲಿದ್ದದ್ದು 2018ರ ಜನವರಿ 4ರಂದು ಪ್ರಕಟವಾದ ಅಂಗವೈಕಲ್ಯ ಮೌಲ್ಯಮಾಪನ ಮಾರ್ಗಸೂಚಿ. ಅದರ ಕೋಷ್ಟಕದಲ್ಲಿ ಅಕ್ಷರ ಓದುವ ಶಕ್ತಿಯ ಜೊತೆಗೇ ‘ಅಥವಾ’ ಎಂದು ನೋಟದ ವಿಸ್ತಾರವನ್ನೂ ಅಳತೆಯಾಗಿ ಕೊಟ್ಟಿದ್ದಾರೆ. ಆ ಒಂದು ‘ಅಥವಾ’ ನನಗೆ ಗೊತ್ತಿರಲಿಲ್ಲ. ನಮ್ಮ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದ ಅಂಧ ಹಿರಿಯರೊಬ್ಬರು ಕೋಷ್ಟಕವನ್ನು ಬಾಯಿಪಾಠದಂತೆ ಹೇಳಿ, “ಪೆರಿಮೆಟ್ರಿ ಮಾಡಿಸಿದ್ರೇನವಾ?” ಎಂದು ಕೇಳಿದಾಗಲೇ ನನ್ನ ತಪ್ಪು ನನಗೆ ಅರಿವಾಯಿತು.

ಪೆರಿಮೆಟ್ರಿ ಎಂದರೆ ದೃಷ್ಟಿ ವಿಸ್ತಾರವನ್ನು ಅಳೆಯುವ ಪರೀಕ್ಷೆ. ಗದ್ದವನ್ನು ಆಸರೆಯ ಮೇಲಿಟ್ಟು ಬಟ್ಟಲಿನಂಥ ಯಂತ್ರದ ನಡುಬಿಂದುವನ್ನೇ ದಿಟ್ಟಿಸುತ್ತ, ಸುತ್ತ ಎಲ್ಲಾದರೂ ಬೆಳಕಿನ ಚುಕ್ಕೆ ಮಿನುಗಿದರೆ ಕೈಯಲ್ಲಿನ ಗುಂಡಿ ಒತ್ತಬೇಕು. ನಾನು ಒತ್ತದೇ ಕುಳಿತ ಹೊತ್ತೇ ಹೆಚ್ಚು. ಎರಡೂ ಕಣ್ಣುಗಳ ವಿಸ್ತಾರ 20 ಡಿಗ್ರಿಗಿಂತ ಕಡಿಮೆ ಎಂಬ ವರದಿಯನ್ನು ಲಗತ್ತಿಸಿ ಮರುಮೌಲ್ಯಮಾಪನ ಕೇಳಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 59ನೇ ಕಲಂ ಮೇಲ್ಮನವಿಗೆ ಅವಕಾಶ ಕೊಡುತ್ತದಾದರೂ ಅಷ್ಟು ದೂರ ಹೋಗಬೇಕಾಗಲಿಲ್ಲ. ವರದಿ ನೋಡಿದ ಎರಡನೆಯ ವೈದ್ಯರು ತಾವಾಗಿಯೇ ಹೊಸ ಮಾಪನ ಮಾಡಿ ಶೇ. 70 ಎಂದು ದಾಖಲಿಸಿದರು. ಒಂದೇ ಜೊತೆ ಕಣ್ಣು, ಒಮ್ಮೆ ಹತ್ತು, ಮತ್ತೊಮ್ಮೆ ಎಪ್ಪತ್ತು. ಅಂಚಿನ ನೋಟವನ್ನು ಕುಗ್ಗಿಸುವ ಗ್ಲಕೋಮಾ ಇರುವವರೂ ನನ್ನಂಥ ಕಾಯಿಲೆಯವರೂ ಫಲಕ ಓದಿಸುವ ಮೊದಲೇ ವಿಸ್ತಾರದ ವರದಿಯನ್ನು ವೈದ್ಯರ ಮೇಜಿನ ಮೇಲಿಡುವುದು ಒಳ್ಳೆಯದು.

ಈ ನಡುವೆ, ಶೇ. 10ರ ಕಾಗದ ಮಾತ್ರ ಕೈಯಲ್ಲಿದ್ದ ತಿಂಗಳುಗಳಲ್ಲಿ, ಪರೀಕ್ಷಾ ವಿಭಾಗದ ವಿಷಯ ನಿರ್ವಾಹಕರೊಬ್ಬರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಅಲ್ಲವಾ, ನಡಕೊಂತ ಬಂದೀಯಲ್ಲ, ಕಣ್ಣು ಕಾಣಸ್ತಾವಲ್ಲ? ನಲವತ್ತಕ್ಕಿಂತ ಕಡಿಮಿ ಇದ್ದವರಿಗೆ ಏನೂ ಬರಂಗಿಲ್ಲ” ಎಂದು ಅರ್ಜಿ ಹಿಂದಿರುಗಿಸಿದ್ದರು. ಈ ಮಾತನ್ನು ಇಂದಿಗೂ ಅನೇಕ ಕಚೇರಿಗಳಲ್ಲಿ ಹೇಳುತ್ತಾರೆ, ಆದರೆ ಅದು ತಪ್ಪು. ಉನ್ನತ ಶಿಕ್ಷಣದಲ್ಲಿ ಶೇ. 5ರಷ್ಟು ಸೀಟು ಕಾಯ್ದಿರಿಸುವುದಕ್ಕೆ ಶೇ. 40 ಎಂಬ ಮಿತಿ ಬೇಕು. ಓದುವ, ಬರೆಯುವ ಅಡ್ಡಿಯನ್ನು ನಿವಾರಿಸಲು ಮಾಡಿಕೊಡಬೇಕಾದ ಸೂಕ್ತ ಹೊಂದಾಣಿಕೆಗೆ ಆ ಮಿತಿಯಿಲ್ಲ. 2021ರ ಫೆಬ್ರುವರಿ 11ರಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಬರೆಯುವಾಗ ಕೈ ಸೆಡೆತುಕೊಳ್ಳುವ ಅಭ್ಯರ್ಥಿಯೊಬ್ಬರಿಗೆ, ಶೇ. 40ರ ವೈಕಲ್ಯವಿಲ್ಲವೆಂಬ ಒಂದೇ ಕಾರಣಕ್ಕೆ ಲಿಪಿಕಾರರನ್ನು, ಅಂದರೆ ಅಭ್ಯರ್ಥಿ ಹೇಳಿದ ಉತ್ತರವನ್ನು ಬರೆದುಕೊಡುವವರನ್ನು, ನಿರಾಕರಿಸಲಾಗದು ಎಂಬುದು ಆ ತೀರ್ಪಿನ ತಿರುಳು. ಅದರ ಬೆನ್ನಿಗೆ, ಶೇ. 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ಕಷ್ಟಪಡುವವರಿಗಾಗಿಯೇ ಕೇಂದ್ರ ಸರ್ಕಾರ 2022ರ ಆಗಸ್ಟ್ 10ರಂದು ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಅಂದು ಆ ಕಿಟಕಿಯ ಮುಂದೆ ನಿಂತಾಗ ಇದಾವುದೂ ನನಗೆ ತಿಳಿದಿರಲಿಲ್ಲವಾದ್ದರಿಂದ ಸುಮ್ಮನೆ ಮರಳಿ ಬಂದೆ.

ಶೇ. 70ರ ಕಾರ್ಡು ಕೈಗೆ ಬಂದ ಮೇಲೆ ಎಲ್ಲವೂ ಸರಾಗವಾಗುತ್ತದೆಂದು ಭಾವಿಸಿದ್ದೆ. ‘ನನಗೆ ದೃಷ್ಟಿದೋಷವಿದ್ದು, ಪರೀಕ್ಷೆಯಲ್ಲಿ ಸೂಕ್ತ ಸೌಲಭ್ಯ ಒದಗಿಸಿಕೊಡಬೇಕಾಗಿ ವಿನಂತಿ’ ಎಂದು ಎರಡೇ ಸಾಲಿನ ಅರ್ಜಿ ಕೊಟ್ಟೆ. ಎರಡನೆಯ ಸೆಮಿಸ್ಟರಿನಲ್ಲಿ ಆ ಅರ್ಜಿಗೆ ತಕ್ಕ ಸೌಲಭ್ಯವೇ ಸಿಕ್ಕಿತು: ಪ್ರಶ್ನೆಪತ್ರಿಕೆಯನ್ನು ದೊಡ್ಡ ಹಾಳೆಗೆ ಹಿಗ್ಗಿಸಿ ಜೆರಾಕ್ಸ್ ಮಾಡಿಸಿ ಕೊಟ್ಟರು. ಅವರ ಸದುದ್ದೇಶದಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೊಳವೆಯಿಂದ ನೋಡುವವರಿಗೆ ಅಕ್ಷರ ದೊಡ್ಡದಾದಷ್ಟೂ ಒಮ್ಮೆಗೆ ಕಾಣುವ ಅಕ್ಷರಗಳು ಕಡಿಮೆಯಾಗುತ್ತವೆ. ಮೊದಲು ಒಂದು ನೋಟಕ್ಕೆ ಅರ್ಧ ಸಾಲು ಸಿಗುತ್ತಿದ್ದದ್ದು ಈಗ ಎರಡು ಪದಗಳಿಗೆ ಇಳಿಯಿತು. ಮೇಜಿನಗಲ ಹರಡಿದ ಹಾಳೆಯ ಮೇಲೆ ತಲೆಯನ್ನು ಎಡಬಲಕ್ಕೆ ಆಡಿಸುತ್ತ, ಗದ್ದೆಯಲ್ಲಿ ಸೂಜಿ ಹುಡುಕುವವಳಂತೆ ಕುಳಿತೆ. ಲಿಪಿಕಾರರು ಬೇಕೇ ಎಂದೂ ಕೇಳಿದರು. ನನ್ನ ಕೈಗೆ ಏನೂ ಆಗಿಲ್ಲ. ಇತಿಹಾಸದ ದೀರ್ಘ ಉತ್ತರಗಳನ್ನು ಇನ್ನೊಬ್ಬರಿಗೆ ಹೇಳಿ ಬರೆಸುವ ಅಭ್ಯಾಸವೂ ನನಗಿರಲಿಲ್ಲ. ದೃಷ್ಟಿದೋಷ ಎಂಬ ಒಂದು ಪದ ಕೊಟ್ಟದ್ದು ನಾನೇ. ಆ ಪದಕ್ಕೆ ಅವರಿಗೆ ಗೊತ್ತಿದ್ದ ಅರ್ಥವನ್ನು ಅವರು ಕೊಟ್ಟಿದ್ದರು.

ಮೂರನೆಯ ಸೆಮಿಸ್ಟರಿಗೆ ಬರೆದ ಅರ್ಜಿಯೇ ಬೇರೆ. ಅದರಲ್ಲಿ ಕಾಯಿಲೆಯ ಹೆಸರಿಗೆ ಒಂದೇ ಸಾಲು. ಉಳಿದದ್ದೆಲ್ಲ ಪರೀಕ್ಷಾ ಕೊಠಡಿಯಲ್ಲಿ ನನ್ನ ಕಣ್ಣು ಏನನ್ನು ಮಾಡಲಾರದು ಮತ್ತು ಅದಕ್ಕೆ ಏನು ಬೇಕು ಎಂಬ ವಿವರ. ಮಂದ ಬೆಳಕಿನಲ್ಲಿ ಗೆರೆ ಕಾಣದ್ದರಿಂದ ಮೇಜುದೀಪ ತರಲು ಅನುಮತಿ ಮತ್ತು ಪ್ಲಗ್ ಪಾಯಿಂಟ್ ಇರುವ ಜಾಗ ಬೇಕು. ಸಾಲು ತಪ್ಪದಿರಲು ನಡುವೆ ಒಂದೇ ಸಾಲಿನಷ್ಟು ಸೀಳು ಕತ್ತರಿಸಿದ ಕಪ್ಪು ರಟ್ಟನ್ನು ಬಳಸಲು ಬಿಡಬೇಕು. ಪ್ರಶ್ನೆಪತ್ರಿಕೆ ಮಾಮೂಲಿ ಗಾತ್ರದಲ್ಲೇ ಇರಲಿ, ಆದರೆ ಮುದ್ರಣ ಗಾಢವಾಗಿರಲಿ. ಎಲ್ಲ ಪತ್ರಿಕೆಗಳಿಗೂ ನೆಲಮಹಡಿಯ ಒಂದೇ ಕೊಠಡಿ, ಬಾಗಿಲ ಬಳಿಯ ಒಂದೇ ಆಸನ. ಕೊನೆಯದಾಗಿ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚುವರಿ ಸಮಯ. ಈ ಕೊನೆಯ ಕೋರಿಕೆಗೆ 2018ರ ಆಗಸ್ಟ್ 29ರ ಕೇಂದ್ರದ ಮಾರ್ಗಸೂಚಿಯ ಪ್ರತಿಯನ್ನು ಲಗತ್ತಿಸಿ, ಸಂಬಂಧಪಟ್ಟ ಸಾಲಿನ ಕೆಳಗೆ ಗೆರೆ ಎಳೆದಿದ್ದೆ. ಹೆಚ್ಚುವರಿ ಸಮಯ ಲಿಪಿಕಾರರನ್ನು ತೆಗೆದುಕೊಂಡವರಿಗಷ್ಟೇ ಎಂಬ ನಂಬಿಕೆ ಕಚೇರಿಗಳಲ್ಲಿ ಬೇರೂರಿದೆ, ಆದರೆ ಶೇ. 40 ಮತ್ತು ಅದಕ್ಕೂ ಹೆಚ್ಚಿನ ವೈಕಲ್ಯವಿರುವವರು ಲಿಪಿಕಾರರಿಲ್ಲದೆ ಬರೆದರೂ ಮೂರು ಗಂಟೆಗೆ ಕನಿಷ್ಠ ಒಂದು ಗಂಟೆ ಹೆಚ್ಚು ಕೊಡಬಹುದೆಂದು ಆ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿತ್ತು.

ಅರ್ಜಿ ಯಾರಿಗೆ ಎಂಬುದೂ ಮುಖ್ಯ. ಎರಡನೆಯ ಸೆಮಿಸ್ಟರಿನಲ್ಲಿ ನಾನು ವಿಭಾಗದ ಮುಖ್ಯಸ್ಥರ ಕೈಗೆ ಕೊಟ್ಟು ನಿಶ್ಚಿಂತಳಾಗಿದ್ದೆ. ಈ ಬಾರಿ ಪರೀಕ್ಷೆಗಳ ಹೊಣೆ ಹೊತ್ತ ಕುಲಸಚಿವರು (ಮೌಲ್ಯಮಾಪನ) ಅವರಿಗೆ, ವಿಭಾಗದ ಮುಖ್ಯಸ್ಥರ ಮೂಲಕ ಎಂದು ಬರೆದು, ಮುಖ್ಯಸ್ಥರ ಶಿಫಾರಸು ಪಡೆದು, ಆಡಳಿತ ಭವನದ ಟಪಾಲು ವಿಭಾಗದಲ್ಲಿ ನಾನೇ ಸಲ್ಲಿಸಿ, ನನ್ನ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡೆ. ವಿಕಲಚೇತನರಂಥ ವಿದ್ಯಾರ್ಥಿಗಳ ನೆರವಿಗಿರುವ ಸಮಾನ ಅವಕಾಶ ಕೋಶ ನಮ್ಮಲ್ಲೂ ಇತ್ತು; ಅದರ ಸಂಯೋಜಕರಿಗೆ ಒಂದು ಪ್ರತಿ ಕೊಟ್ಟದ್ದರಿಂದ, ಕಡತ ಯಾವ ಮೇಜಿನಲ್ಲಿ ನಿಂತಿದೆಯೆಂದು ವಿಚಾರಿಸಲು ಒಳಗಿನವರೊಬ್ಬರು ಸಿಕ್ಕಂತಾಯಿತು. ಪರೀಕ್ಷಾ ಶುಲ್ಕದ ಅಧಿಸೂಚನೆ ಬರುವ ಮೊದಲೇ ಇದನ್ನೆಲ್ಲ ಮುಗಿಸಿದ್ದೆ. ಪ್ರವೇಶಪತ್ರ ಬಂದ ಮೇಲೆ ಓಡಾಡಿದರೆ, ಆ ಹೊತ್ತಿನಲ್ಲಿ ಪರೀಕ್ಷಾ ವಿಭಾಗದಲ್ಲಿ ತಲೆಯೆತ್ತಿ ನೋಡಲೂ ಯಾರಿಗೂ ಪುರುಸೊತ್ತಿರುವುದಿಲ್ಲ.

ತರಗತಿಯ ವಿಷಯಕ್ಕೆ ಅರ್ಜಿಯೇ ಬೇಕಾಗಲಿಲ್ಲ. ಅಧ್ಯಾಪಕರಲ್ಲಿ ಹೆಚ್ಚಿನವರು ಕೇಳಿದ ಕೂಡಲೇ ಟಿಪ್ಪಣಿಗಳನ್ನು ಮುಂಚಿತವಾಗಿ ಕಳುಹಿಸಲು ಒಪ್ಪಿದರು. ಸಂಜೆ ಕಣ್ಣು ದಣಿದಾಗ ನಾನು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದಿಂದ ಪಠ್ಯವನ್ನು ಓದಿಸಿಕೊಂಡು ಕೇಳುತ್ತೇನೆ. ಅದು ಕನ್ನಡವನ್ನೂ ಓದುತ್ತದೆ. ಆದರೆ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತಗಳು ಯೂನಿಕೋಡ್ ಅಲ್ಲದ ಕಾರಣ ಅದಕ್ಕೆ ಅರ್ಥಹೀನ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕೇಳಿಸುತ್ತವೆ. ವಿಜಯನಗರದ ಮೇಲಿನ ಒಂದು ಒಳ್ಳೆಯ ಟಿಪ್ಪಣಿ ನನ್ನ ಕಿವಿಗೆ ಹಾಗೆಯೇ ಬಂತು. ಅದನ್ನು ಪರಿವರ್ತಕದಲ್ಲಿ ಹಾಕಿ ಸರಿಪಡಿಸಿಕೊಳ್ಳಲು ಕಲಿತೆ. ಯೂನಿಕೋಡಿನಲ್ಲಿಯೇ ಬರೆಯಿರಿ ಎಂದು ಅಧ್ಯಾಪಕರನ್ನು ಒಪ್ಪಿಸಲು ಮಾತ್ರ ಕೊನೆಯವರೆಗೂ ಆಗಲಿಲ್ಲ.

ಮೂರನೆಯ ಸೆಮಿಸ್ಟರಿನ ಮೊದಲ ಪತ್ರಿಕೆಯ ದಿನ, ಆದೇಶವೇನೋ ಹೊರಟಿತ್ತು, ಪರೀಕ್ಷಾ ಕೇಂದ್ರವನ್ನು ಮಾತ್ರ ತಲುಪಿರಲಿಲ್ಲ. ಮುಖ್ಯ ಅಧೀಕ್ಷಕರು ತಮಗೆ ಯಾವ ಸೂಚನೆಯೂ ಬಂದಿಲ್ಲವೆಂದರು. ಫೋನ್ ಒಳಗೆ ಒಯ್ಯುವಂತಿಲ್ಲವಾದ್ದರಿಂದ ಆದೇಶದ ಮೂರು ಮುದ್ರಿತ ಪ್ರತಿಗಳು ನನ್ನ ಚೀಲದಲ್ಲಿದ್ದವು. ಒಂದನ್ನು ಅವರಿಗೆ, ಒಂದನ್ನು ಕೊಠಡಿಯ ಮೇಲ್ವಿಚಾರಕರಿಗೆ ಕೊಟ್ಟೆ. ದೀಪ ಹಚ್ಚಿದೆ. ರಟ್ಟಿನ ಸೀಳಿನೊಳಗೆ ಗೆರೆ ಕಪ್ಪಗೆ, ಒಂಟಿಯಾಗಿ ಕಂಡಿತು. ಮೂರು ಗಂಟೆ ಮುಗಿದೊಡನೆ ಮೇಲ್ವಿಚಾರಕರು, ಉತ್ತರಪತ್ರಿಕೆಗಳ ಕಟ್ಟನ್ನು ಮೊಹರು ಮಾಡಿ ಕಳುಹಿಸಬೇಕು, ಬೇಗ ಮುಗಿಸಮ್ಮ ಎಂದು ಅವಸರಪಡಿಸಿದರು. ಹೆಚ್ಚುವರಿ ಒಂದು ಗಂಟೆ ಅಂದರೆ ಅವರಿಗೂ ಒಂದು ಗಂಟೆ ಹೆಚ್ಚು ಕೆಲಸ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಎದ್ದು ನಿಂತು, ಆದೇಶದಲ್ಲಿನ ಸಮಯದ ಸಾಲನ್ನು ತೋರಿಸಿ ಮತ್ತೆ ಕುಳಿತೆ. ಮುಂದಿನ ಪತ್ರಿಕೆಗಳಿಗೆ ನನ್ನ ಉತ್ತರಪತ್ರಿಕೆಯನ್ನು ಪ್ರತ್ಯೇಕ ಲಕೋಟೆಯಲ್ಲಿ ಮೊಹರು ಮಾಡುವ ಏರ್ಪಾಡನ್ನು ಕೇಂದ್ರದವರೇ ಮಾಡಿಕೊಂಡರು.

2023ರಲ್ಲಿ ನಾಲ್ಕನೆಯ ಸೆಮಿಸ್ಟರ್ ಹತ್ತಿರವಾದಾಗ ಹೊಸ ಅರ್ಜಿಯ ಅಗತ್ಯವಿಲ್ಲವೆಂದೂ ಹಳೆಯ ಆದೇಶವನ್ನೇ ಮುಂದುವರಿಸಲಾಗಿದೆಯೆಂದೂ ಪರೀಕ್ಷಾ ವಿಭಾಗದವರು ಹೇಳಿದರು. ಅದೇ ಆದೇಶವನ್ನು ಅವರು ಇನ್ನೊಬ್ಬ ವಿದ್ಯಾರ್ಥಿಗೂ ಹೆಸರಷ್ಟೇ ಬದಲಿಸಿ ಹೊರಡಿಸಿದ್ದರು. ಬಾಲ್ಯದಲ್ಲಿ ಪೋಲಿಯೊ ಆಗಿ ಬಲಗೈ ದುರ್ಬಲವಾಗಿದ್ದ, ಕಣ್ಣು ನಿಚ್ಚಳವಾಗಿದ್ದ ಅರ್ಥಶಾಸ್ತ್ರದ ಹುಡುಗ ಅವನು. ಮೇಜುದೀಪ ತರಲು ಅನುಮತಿ ನೀಡಲಾಗಿದೆ ಎಂಬ ಕಾಗದ ಹಿಡಿದು, “ಅಕ್ಕಾ, ಇದನ್ನ ತಗೊಂಡು ನಾನೇನ ಮಾಡ್ಲಿ?” ಎಂದು ನಮ್ಮ ವಿಭಾಗಕ್ಕೆ ಬಂದ. ಅವನ ಮೂಲ ಅರ್ಜಿಯಲ್ಲೂ ‘ಸೂಕ್ತ ಸೌಲಭ್ಯ ಒದಗಿಸಿಕೊಡಬೇಕಾಗಿ ವಿನಂತಿ’ ಎಂದೇ ಇತ್ತು. ಕ್ಯಾಂಟೀನಿನಲ್ಲಿ ಕುಳಿತು ಹೊಸ ಹಾಳೆ ತೆಗೆದುಕೊಂಡೆವು. ಬರೆಯಲು ಶುರುಮಾಡಿ ಎಷ್ಟು ನಿಮಿಷಕ್ಕೆ ನಿನ್ನ ಕೈ ಸೋಲುತ್ತದೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಅವನ ಮುಂದಿಟ್ಟು, ಗಡಿಯಾರ ನೋಡುತ್ತ ಕುಳಿತೆ.