ಮೊದಲು ಹಿಡಿ, ಆಮೇಲೆ ಟ್ರಿಗರ್: ಏರ್ ಪಿಸ್ತೂಲನ್ನು ಸ್ಪರ್ಧೆಗೆ ಹದ ಮಾಡುವ ಬಗೆ

ಸ್ಪರ್ಧೆಯ ಪಿಸ್ತೂಲು ಕೊಂಡ ಹೊಸದರಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಟ್ರಿಗರ್ ಸ್ಕ್ರೂ ಕಡೆಗೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಹಿಡಿ (ಗ್ರಿಪ್) ಕೈಗೆ ಕೂರುವ ಮೊದಲೇ ಟ್ರಿಗರ್ ಹದ ಮಾಡಿದರೆ, ಹಿಡಿ ಸರಿಹೋದ ದಿನ ಬೆರಳು ಬೇರೆ ಜಾಗಕ್ಕೆ ಬಂದು ಕೂರುತ್ತದೆ, ಮಾಡಿದ ಕೆಲಸವನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ. ಹಿಡಿ, ಟ್ರಿಗರ್, ತೂಕ, ಕೊನೆಗೆ ಗುರಿ ನೋಡುವ ಸೈಟ್. ಕೆಲಸ ಈ ಸಾಲಿನಲ್ಲೇ ನಡೆಯಲಿ.

ಇಲ್ಲಿ ಹೇಳುತ್ತಿರುವುದು 10 ಮೀಟರ್ ಸ್ಪರ್ಧೆಯ 4.5 ಮಿ.ಮೀ. ಏರ್ ಪಿಸ್ತೂಲಿನ ವಿಚಾರ ಮಾತ್ರ. ಮದ್ದಿನ ಗುಂಡು ಹಾರಿಸುವ ಪಿಸ್ತೂಲು 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಒಳಪಡುತ್ತದೆ. ಅದರ ರಿಪೇರಿ ಪರವಾನಗಿ ಇರುವ ಕೆಲಸಗಾರನದು, ಮನೆಯ ಮೇಜಿನ ಮೇಲಿನದಲ್ಲ. ಏರ್ ಪಿಸ್ತೂಲಿನಲ್ಲೂ ಕೆಲಸಕ್ಕೆ ಕೂರುವ ಮುಂಚೆ ಗಾಳಿಯ ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಡಿ, ನಳಿಕೆಯಲ್ಲಿ ಪೆಲೆಟ್ (ಸೀಸದ ಪುಟ್ಟ ಗುಂಡು) ಇಲ್ಲವೆಂದು ಕಣ್ಣಾರೆ ನೋಡಿ.

ಹಿಡಿ: ಅರ್ಧ ಕೆಲಸ ಇಲ್ಲೇ

ಕಣ್ಣು ಮುಚ್ಚಿ, ಗುರಿ ಹಿಡಿಯುವಂತೆ ಪಿಸ್ತೂಲು ಎತ್ತಿ, ಎರಡು ಉಸಿರು ತಡೆದು ಕಣ್ಣು ಬಿಡಿ. ಎರಡು ವಿಷಯ ಬೇರೆಬೇರೆಯಾಗಿ ಗಮನಿಸಿ. ಪಿಸ್ತೂಲು ಇಡಿಯಾಗಿ ಗುರಿಹಲಗೆಯ ಪಕ್ಕಕ್ಕೆ ತಿರುಗಿದ್ದರೆ ತಪ್ಪು ಕಾಲಿನದು, ನಿಂತ ಭಂಗಿ ಬದಲಿಸಿ. ಮುಂದಿನ ಸೈಟಿನ ಕಡ್ಡಿ ಹಿಂದಿನ ಸೈಟಿನ ಕಚ್ಚಿನ ನಡುವೆ ಇರದೆ ಒಂದು ಬದಿಗೆ ಸರಿದಿದ್ದರೆ ತಪ್ಪು ಹಿಡಿಯದು. ಇವೆರಡನ್ನು ಕಲಸಿಕೊಂಡು ಕಾಲಿನ ತಪ್ಪಿಗೆ ಮರ ಕೆತ್ತಿದವರು ಬೇಕಾದಷ್ಟು ಜನ. ಹತ್ತು ಸಲ ಮಾಡಿ ಬರೆದಿಡಿ. ಏಳೆಂಟು ಸಲ ಒಂದೇ ಬದಿಗೆ ಬಂದರೆ ಮಾತ್ರ ಹಿಡಿ ಮುಟ್ಟಿ.

ಬಲಗೈಯವರಿಗೆ ಕಡ್ಡಿ ಎಡಕ್ಕೆ ಸರಿದಿದೆ ಎಂದುಕೊಳ್ಳಿ. ಹಿಡಿಯ ಕೋನ ಬದಲಿಸುವ ಸ್ಕ್ರೂ ಇರುವ ಪಿಸ್ತೂಲಾದರೆ ಮೊದಲು ಅದನ್ನೇ ತಿರುಗಿಸಿ. ಇಲ್ಲದಿದ್ದರೆ ಹಿಡಿಯ ಹಿಂಭಾಗದ ಬಲ ಮಗ್ಗುಲಿಗೆ, ಅಂಗೈಯ ಹಿಮ್ಮಡಿ ಒತ್ತುವ ಕಡೆಗೆ, ತುಸು ಮೆತ್ತಬೇಕು. ಹಿಂಬದಿ ಎಡಕ್ಕೆ ತಳ್ಳಿದಂತಾಗಿ ಮೂತಿ ಬಲಕ್ಕೆ ಬರುತ್ತದೆ. ಕಡ್ಡಿ ಬಲಕ್ಕೆ ಸರಿದಿದ್ದರೆ ಅದೇ ಜಾಗದಲ್ಲಿ ಅರ ಆಡಿಸಿ.

ಎಲ್ಲಿ ತಾಗುತ್ತದೆ, ಎಲ್ಲಿ ಪೊಳ್ಳು ಎಂದು ತಿಳಿಯಲು ಸೀಮೆಸುಣ್ಣದ ಪುಡಿ ಸಾಕು. ಅಂಗೈಗೆ ತೆಳುವಾಗಿ ಸವರಿ, ಹಿಡಿಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಡಿ. ಬೆಳ್ಳಗಾದ ಜಾಗ ಕೈ ಒತ್ತುವ ಜಾಗ. ಹೆಬ್ಬೆರಳಿನ ಬುಡದಲ್ಲಿ ಕಾಸಿನಗಲ ಮಾತ್ರ ಬಿಳಿ ಮೂಡಿ ಅಂಗೈ ಗುಳಿಯಲ್ಲಿ ಮರ ಹಾಗೇ ಉಳಿದಿದ್ದರೆ ಆ ಗುಳಿಗೆ ಮೆತ್ತಬೇಕು. ರಂಗೋಲಿ ಪುಡಿ ಮಾತ್ರ ಬೇಡ. ಅದು ಕಲ್ಲು, ಟ್ರಿಗರ್ ಒಳಗೆ ಸೇರಿದರೆ ಉಜ್ಜಿ ಸವೆಸುತ್ತದೆ.

ಮೆತ್ತಲು ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಸಾಕು. ಆ ಜಾಗವನ್ನು 80 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಒರಟು ಮಾಡಿ, ಸ್ಪಿರಿಟ್‌ನಲ್ಲಿ ಒರೆಸಿ. ಎರಡೂ ಉಂಡೆ ಸಮ ಪ್ರಮಾಣದಲ್ಲಿ ತೆಗೆದು, ಬಣ್ಣ ಒಂದೇ ಆಗುವವರೆಗೆ ಚಪಾತಿ ಹಿಟ್ಟಿನಂತೆ ನಾದಿ, 2 ಮಿ.ಮೀ. ದಪ್ಪಕ್ಕೆ ಹಚ್ಚಿ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಟ್ರಿಗರ್ ಭಾಗಕ್ಕೆ ಟೇಪ್ ಸುತ್ತಿ, ನಿಜವಾಗಿ ಗುರಿ ಹಿಡಿದು ನಿಂತಂತೆ ನಿಂತು ಕೈಯ ಅಚ್ಚು ಒತ್ತಿ. ಕುರ್ಚಿಯಲ್ಲಿ ಕೂತು ಒತ್ತಿದರೆ ಮಣಿಕಟ್ಟಿನ ಕೋನವೇ ಬೇರೆ, ಆ ಅಚ್ಚು ಕೆಲಸಕ್ಕೆ ಬಾರದು. ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಗ್ಗೆ ಹಿಡಿಯನ್ನು ಪಿಸ್ತೂಲಿನಿಂದ ಬಿಚ್ಚಿ ಅರ್ಧದುಂಡು ಅರ, ಆಮೇಲೆ 120, 220 ನಂಬರಿನ ಕಾಗದ. ಪುಡಿ ಮೂಗಿಗೆ ಹೋಗದಂತೆ ಬಾಯಿಬಟ್ಟೆ ಕಟ್ಟಿಕೊಳ್ಳಿ.

ತೋರುಬೆರಳು ಮರಕ್ಕೆ ಎಲ್ಲೂ ತಾಗಕೂಡದು. ಬೆರಳಿನುದ್ದಕ್ಕೂ 2–3 ಮಿ.ಮೀ. ಸಂದು ಬೇಕು. ತಾಗಿದರೆ ಟ್ರಿಗರ್ ಎಳೆದಾಗೆಲ್ಲ ಬೆರಳು ಹಿಡಿಯನ್ನೂ ಪಕ್ಕಕ್ಕೆ ದೂಡುತ್ತದೆ, ಏಟು ಒಂದೇ ಬದಿಗೆ ಬೀಳುತ್ತದೆ, ನೀವು ಸೈಟ್ ತಿರುಗಿಸುತ್ತಾ ಕೂರುತ್ತೀರಿ. ಅಂಗೈ ಕೆಳಗಿನ ತಟ್ಟೆಯದೂ ಇಂಥದೇ ಕಥೆ: ಬೆಳಗ್ಗೆ ಸರಿಯಾಗಿ ಕೂತದ್ದು 40 ಏಟಿನ ಹೊತ್ತಿಗೆ ಕೈ ಬಿಸಿಯಾಗಿ ಉಬ್ಬಿ ಹಿಂಡತೊಡಗುತ್ತದೆ. ಆದ್ದರಿಂದ ತಟ್ಟೆಯ ಎತ್ತರವನ್ನು ಅಭ್ಯಾಸದ ಕೊನೆಯಲ್ಲಿ ನಿಗದಿ ಮಾಡಿ. ಅಂತರರಾಷ್ಟ್ರೀಯ ನಿಯಮದಂತೆ ತಟ್ಟೆ ಮೇಲಕ್ಕೆ ಬಾಗಿ ಕೈಯನ್ನು ಅಪ್ಪಿಕೊಳ್ಳುವಂತಿಲ್ಲ, ಮಣಿಕಟ್ಟು ಬಿಡುವಾಗಿ ಕಾಣಬೇಕು, ಅಂಟು ಪದಾರ್ಥ ಹಚ್ಚುವಂತಿಲ್ಲ. ಏಪ್ರಿಲ್ ಸೆಕೆಯಲ್ಲಿ ಬೆವರಿಗೆ ಜಾರದಿರಲೆಂದು ವಾರ್ನಿಷ್ ಬಳಿಯುವವರಿದ್ದಾರೆ. ಅದರಿಂದ ಇನ್ನಷ್ಟು ಜಾರುತ್ತದೆ. ಅಗಸೆ ಎಣ್ಣೆಯ ಒಂದು ತೆಳು ಲೇಪ ಸಾಕು.

ಟ್ರಿಗರ್: 500 ಗ್ರಾಂ ಲೆಕ್ಕ

ಸ್ಪರ್ಧೆಯ ನಿಯಮದಂತೆ ಟ್ರಿಗರ್ ಎಳೆತ ಕನಿಷ್ಠ 500 ಗ್ರಾಂ ಇರಬೇಕು. ಪಂದ್ಯದ ತಪಾಸಣೆಯಲ್ಲಿ ನಳಿಕೆಯನ್ನು ನೇರ ಮೇಲಕ್ಕೆ ಹಿಡಿದು, ಟ್ರಿಗರ್ ನಡುಭಾಗಕ್ಕೆ ತೂಕ ನೇತುಹಾಕಿ, ಏಟು ಹಾರದೆ ತೂಕ ಏಳುತ್ತದೆಯೇ ಎಂದು ನೆಲದಿಂದ ಎತ್ತಿ ನೋಡುತ್ತಾರೆ. ಏರ್ ಪಿಸ್ತೂಲಿನಲ್ಲಿ ಗಾಳಿ ತುಂಬಿಕೊಂಡ ಸ್ಥಿತಿಯಲ್ಲೇ ಈ ಪರೀಕ್ಷೆ ನಡೆಯುತ್ತದೆ. ಮನೆಯಲ್ಲಿ ಬರೀ ಡ್ರೈ ಫೈರಿಂಗ್ ಸ್ಥಿತಿಯಲ್ಲಿ (ಗಾಳಿಯಿಲ್ಲದೆ ಟ್ರಿಗರ್ ಮಾತ್ರ ಎಳೆಯುವಂತೆ ಇಟ್ಟು) ತೂಗಿ ಹೋದವರು ತಪಾಸಣೆಯಲ್ಲಿ ಸಿಕ್ಕಿಬೀಳುವುದು ಇದಕ್ಕೇ. ಗಾಳಿ ತುಂಬಿ ಪರೀಕ್ಷಿಸುವಾಗ ನಳಿಕೆಯಲ್ಲಿ ಪೆಲೆಟ್ ಇರಬಾರದು, ಮೂತಿಯ ನೇರಕ್ಕೆ ಯಾರೂ ಬಾಗಬಾರದು.

ತೂಕವನ್ನು ಕೊಳ್ಳಬೇಕಿಲ್ಲ. ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಸೈಕಲ್ ಕಡ್ಡಿಯ ಕೊಕ್ಕೆ ಸಿಕ್ಕಿಸಿ, ಒಣ ಮರಳು ತುಂಬಿ, ಪರಿಚಯದ ಅಕ್ಕಸಾಲಿಗರ ಅಂಗಡಿಯಲ್ಲಿ ಕೊಕ್ಕೆ ಸಮೇತ 515 ಗ್ರಾಂ ತೂಗಿಸಿ ಮುಚ್ಚಳ ಅಂಟಿಸಿಬಿಡಿ. ನೀರು ಬೇಡ, ತುಳುಕಿ ಎಳೆತ ಏರುಪೇರಾಗುತ್ತದೆ. ಸರಿಯಾಗಿ 500ಕ್ಕೆ ಇಡಬಾರದೇ ಎಂದರೆ, ಸ್ಪ್ರಿಂಗ್ ಸಡಿಲಾಗಿ ನಾಲ್ಕು ಗ್ರಾಂ ಇಳಿದರೂ ಪರೀಕ್ಷೆಯಲ್ಲಿ ಬಿದ್ದಂತೆಯೇ. 15 ಗ್ರಾಂ ಹೆಚ್ಚಿದ್ದರೆ ಬೆರಳಿಗೆ ಗೊತ್ತೂ ಆಗುವುದಿಲ್ಲ.

ಸ್ಕ್ರೂ ಸಾಮಾನ್ಯವಾಗಿ ನಾಲ್ಕು: ಮೊದಲ ಹಂತದ (ಬೆರಳಿಗೆ ತಡೆ ಸಿಗುವವರೆಗಿನ ಎಳೆತದ) ತೂಕ, ಎರಡನೇ ಹಂತದ (ಆ ತಡೆ ದಾಟಿ ಏಟು ಹಾರಿಸುವ ಎಳೆತದ) ತೂಕ, ಏಟನ್ನು ತಡೆದು ಹಿಡಿಯುವ ಕೊಂಡಿ ಕಚ್ಚುವ ಆಳ, ಟ್ರಿಗರ್ ನಿಲ್ಲುವ ಜಾಗ. ಯಾವುದು ಎಲ್ಲಿದೆ ಎಂಬುದಕ್ಕೆ ನಿಮ್ಮ ಮಾದರಿಯ ಕೈಪಿಡಿ ನೋಡಿ. ಮುಟ್ಟುವ ಮೊದಲು ಪ್ರತಿ ಸ್ಕ್ರೂ ತಲೆಗೂ ಉಗುರು ಬಣ್ಣದ ಗೆರೆ ಎಳೆದರೆ ಮೊದಲಿನ ಜಾಗಕ್ಕೆ ಮರಳುವುದು ಸುಲಭ. ನಿಲ್ಲುವ ಜಾಗದ ಸ್ಕ್ರೂ ಮೊದಲು ಸಡಿಲಿಸಿ. ಒಟ್ಟು ತೂಕದ ಹೆಚ್ಚಿನ ಪಾಲು ಮೊದಲ ಹಂತಕ್ಕೆ ಹೋಗಲಿ. ಎರಡನೆಯದು ಒಂದು ಸಣ್ಣ ಗೋಡೆಯಂತೆ ಸಿಕ್ಕಿದರೆ ಸಾಕು. ಒಂದು ಸಲಕ್ಕೆ ಕಾಲು ಸುತ್ತು, ಪ್ರತಿ ಸಲವೂ ಬಾಟಲಿ ಪರೀಕ್ಷೆ. ಕೊನೆಗೆ ನಿಲ್ಲುವ ಸ್ಕ್ರೂ: ಏಟು ಹಾರಿದ ಮೇಲೂ ಟ್ರಿಗರ್ ಒಂದು ಕೂದಲೆಳೆಯಷ್ಟು ಚಲಿಸಬೇಕು. ಅದಕ್ಕಿಂತ ಬಿಗಿ ಮಾಡಿದರೆ ಒಮ್ಮೊಮ್ಮೆ ಏಟೇ ಹಾರುವುದಿಲ್ಲ.

ಕೊಂಡಿಯ ಆಳದ ಸ್ಕ್ರೂ ಅಪಾಯಕಾರಿ. ಗಾಜು ಮುರಿದಂತೆ ಗರಿಗರಿ ಬೇಕೆಂದು ಅದನ್ನು ತೀರಾ ಕಡಿಮೆ ಮಾಡಿದರೆ, ಪೆಲೆಟ್ ತುಂಬಲು ತೆರೆದ ಲಿವರ್ ಮುಚ್ಚಿದಾಗಲೇ ಏಟು ಹಾರಿಬಿಡಬಹುದು. ಪೆಲೆಟ್ ಹಾಕದೆ ಲಿವರನ್ನು ಇಪ್ಪತ್ತು ಸಲ ಜೋರಾಗಿ ಮುಚ್ಚಿ ನೋಡಿ. ಒಮ್ಮೆ ಜಾರಿದರೂ ಕಾಲು ಸುತ್ತು ಹಿಂದಕ್ಕೆ.

ತೂಕ, ಸೈಟ್

ಪಿಸ್ತೂಲಿನ ಒಟ್ಟು ತೂಕದ ಮಿತಿ 1,500 ಗ್ರಾಂ, ಅಳತೆ 420×200×50 ಮಿ.ಮೀ. ಪೆಟ್ಟಿಗೆಯಲ್ಲಿ ಹಿಡಿಸಬೇಕು. ಮೂತಿಯ ಕಡೆ ತೂಕ ಸೇರಿಸಿದರೆ ಅಡ್ಡ ನಡುಕ ತಗ್ಗುತ್ತದೆ, ಆದರೆ 50ನೇ ಏಟಿನ ಹೊತ್ತಿಗೆ ಮಣಿಕಟ್ಟು ಬಸವಳಿಯುತ್ತದೆ. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ಲೇಥ್‌ನವರಲ್ಲಿ 16 ಮಿ.ಮೀ. ಅಡ್ಡಳತೆ, 20 ಮಿ.ಮೀ. ಉದ್ದದ ಹಿತ್ತಾಳೆ ತುಂಡು ಕೊಯ್ಯಿಸಿದರೆ ಸುಮಾರು 34 ಗ್ರಾಂ ಬರುತ್ತದೆ. ಮೊದಲು ಅದರರ್ಧ ಉದ್ದದ್ದರಿಂದ ಶುರುಮಾಡಿ.

ಸೈಟಿನದು ಬರೀ ಗಣಿತ. ಎರಡು ಸೈಟುಗಳ ನಡುವೆ 330 ಮಿ.ಮೀ. ಇದೆ ಎಂದುಕೊಳ್ಳಿ. ಹಿಂದಿನ ಸೈಟ್ 0.1 ಮಿ.ಮೀ. ಸರಿದರೆ 10 ಮೀಟರಿನಾಚೆ ಏಟು ಸುಮಾರು 3 ಮಿ.ಮೀ. ಸರಿಯುತ್ತದೆ. ಗುರಿಯಲ್ಲಿ ಒಂದು ಉಂಗುರದಿಂದ ಇನ್ನೊಂದಕ್ಕೆ 8 ಮಿ.ಮೀ. ಅಂದರೆ ಒಂದು ಅಂಕದ ವ್ಯತ್ಯಾಸ ಹಿಂದಿನ ಸೈಟಿನಲ್ಲಿ ಕಾಲು ಮಿ.ಮೀ. ಮಾತ್ರ. ಏಟು ಎಡಕ್ಕೆ ಬಿದ್ದರೆ ಹಿಂದಿನ ಸೈಟ್ ಬಲಕ್ಕೆ, ಕೆಳಗೆ ಬಿದ್ದರೆ ಮೇಲಕ್ಕೆ. ಐದು ಏಟಿನ ಗುಂಪು ನೋಡಿ ತಿರುಗಿಸಿ, ಒಂಟಿ ಏಟಿನ ಹಿಂದೆ ಓಡಬೇಡಿ.

ಮುಂದಿನ ಕಡ್ಡಿ ಹೊಳೆದರೆ ಅಂಚು ಮಸುಕಾಗುತ್ತದೆ. ಅದಕ್ಕೆ ಕರ್ಪೂರದ ಮಸಿಗಿಂತ ಒಳ್ಳೆಯ ಕಪ್ಪು ಇಲ್ಲ. ಕಡ್ಡಿಯನ್ನು ಬಿಚ್ಚಿ, ಚಿಮಟದಲ್ಲಿ ಹಿಡಿದು, ಉರಿಯುವ ಕರ್ಪೂರದ ಹೊಗೆಗೆ ಒಡ್ಡಿ. ಪಿಸ್ತೂಲು, ಸಿಲಿಂಡರ್ ಎರಡೂ ಆಚೆ ಕೋಣೆಯಲ್ಲಿರಲಿ.

ಮುಟ್ಟಬಾರದ್ದು

ಗಾಳಿಯ ಒತ್ತಡ ಹದದಲ್ಲಿಡುವ ರೆಗ್ಯುಲೇಟರ್ ಬಿಚ್ಚಬೇಡಿ, ವೇಗ ಹೆಚ್ಚಿಸಲು ಹೋಗಬೇಡಿ. ಸೆಕೆಂಡಿಗೆ ಸುಮಾರು 150 ಮೀಟರ್ ವೇಗ ಕಾಗದ ತೂರಲು ಧಾರಾಳ. ಹೆಚ್ಚಿಸಿದರೆ ಒದೆತ ಹೆಚ್ಚುತ್ತದೆ, ಅಂಕವಲ್ಲ. ಸಿಲಿಂಡರಿನ ಒತ್ತಡ 200 ಬಾರ್, ಅದರ ಮೇಲಿನ ಅವಧಿ ಮುಗಿದಿದ್ದರೆ ಹೊಸದು ಕೊಳ್ಳಿ. ಪಂದ್ಯದ ತಪಾಸಣೆಯಲ್ಲೂ ಅದನ್ನು ನೋಡಬಹುದು. ರಬ್ಬರ್ ರಿಂಗ್ ಒಣಗಿದೆಯೆಂದು ಎಣ್ಣೆ ಬಿಡಬೇಡಿ. ಹೆಚ್ಚಿನ ಒತ್ತಡದ ಗಾಳಿಗೆ ಎಣ್ಣೆ ಸಿಕ್ಕರೆ ಹೊತ್ತಿಕೊಳ್ಳಬಹುದು. ತಿಪಟೂರಿನ ಕೊಬ್ಬರಿ ಎಣ್ಣೆ ತಲೆಗೆ ಇರಲಿ, ರಿಂಗಿಗೆ ಅಕ್ಕಿಕಾಳಿನಷ್ಟು ಸಿಲಿಕೋನ್ ಗ್ರೀಸ್ ಸಾಕು. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ತುಂಬಿದ ಸಿಲಿಂಡರ್ ಇಡಬೇಡಿ.

ಶಿಡ್ಲಘಟ್ಟದ ಕಡೆಯವರಿಗೆ ಒಂದು ಮಾತು. ರೇಷ್ಮೆ ಹುಳು ಮನೆ ಉದ್ದವಾಗಿ, ಎರಡು ಬೆಳೆಯ ನಡುವೆ ಖಾಲಿಯಾಗಿ ಇರುತ್ತದೆ, ಅಭ್ಯಾಸಕ್ಕೆ ಆಸೆಯಾಗುವುದು ಸಹಜ. ಆದರೆ ಸೋಂಕು ನಿವಾರಣೆಗೆ ಬಳಸುವ ಬ್ಲೀಚಿಂಗ್ ಪೌಡರಿನ ಆವಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ, ಪೆಲೆಟ್‌ನ ಸೀಸದ ಪುಡಿ ಹುಳುವಿನ ತಟ್ಟೆಗಳ ಮೇಲೆ ಕೂರುತ್ತದೆ. ಬೇರೆ ಜಾಗ ನೋಡಿ, ಹೊಡೆದ ಮೇಲೆ ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ.

2021ರ ಜುಲೈ 25ರಂದು ಟೋಕಿಯೊದಲ್ಲಿ ಅರ್ಹತಾ ಸುತ್ತಿನ ನಡುವೆಯೇ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ರಿಪೇರಿಗೆ ಸಮಯ ಕಳೆದು, 575 ಅಂಕ ಗಳಿಸಿದರೂ ಎರಡು ಅಂಕದಲ್ಲಿ ಫೈನಲ್ ಕೈತಪ್ಪಿತು. ಒಲಿಂಪಿಕ್ಸ್‌ನಲ್ಲೇ ಹೀಗಾದರೆ ಜಿಲ್ಲಾ ಮಟ್ಟದಲ್ಲಿ ಕೇಳಬೇಕೇ? ಚೀಲದಲ್ಲಿ ಅಲೆನ್ ಕೀ ಸೆಟ್, ಎರಡು ರಬ್ಬರ್ ರಿಂಗ್, ಎಲೆಕ್ಟ್ರಾನಿಕ್ ಟ್ರಿಗರ್ ಆದರೆ ಹೊಸ ಬ್ಯಾಟರಿ, ತುಂಬಿದ ಇನ್ನೊಂದು ಸಿಲಿಂಡರ್, ಆ ಮರಳಿನ ಬಾಟಲಿ ಇರಲಿ.