ವಾಪಸ್ ಬಾರದ ಪುಸ್ತಕದ ದಂಡದಲ್ಲಿ ವಾಚನಾಲಯದ ಸೂರು ರಿಪೇರಿ: ನನ್ನ ಅನುಭವ

ಈ ಸಲದ ಮಳೆಗೆ ನಮ್ಮ ಹಳೇ ವಾಚನಾಲಯದ ಸೂರು ಸೋರ್ಲಿಲ್ಲ. ಒಂದೇ ಒಂದು ಬಕೆಟ್ ಇಡ್ಲಿಲ್ಲ. ಇದನ್ನ ಬರೀತಿರೋದೇ ಅದಕ್ಕೆ, ಯಾಕಂದ್ರೆ ನಾಲ್ಕು ವರ್ಷದ ಹಿಂದೆ "ಕಾರ್ಯಕ್ರಮ ಮಾಡಿ ಕಟ್ಟಡ ಉಳಿಸೋಕಾಗುತ್ತಾ, ಹುಚ್ಚಾ ನಿಮಗೆ, ಕೆಡವಿ ಮಳಿಗೆ ಕಟ್ಟಿದ್ರೆ ಬಾಡಿಗೆನಾದ್ರೂ ಬರುತ್ತೆ" ಅಂದವರೆಲ್ಲ ಈಗ ಅದರ ಜಗಲಿ ಮೇಲೇ ಕೂತು ಪೇಪರ್ ಓದ್ತಿದ್ದಾರೆ. ಸ್ವಲ್ಪ ಕೊಚ್ಕೊಳ್ತೀನಿ, ಸಹಿಸ್ಕೊಳ್ಳಿ.

ಈ ಕೆಲಸಕ್ಕೆ ಕೈ ಹಾಕಿದವರಿಗೆ ಸಮಿತಿ, ಅನುಮತಿ, ಎಸ್ಟಿಮೇಟು ಅದೆಲ್ಲ ಗೊತ್ತಿರುತ್ತೆ, ಅದನ್ನ ಬಿಟ್ಟುಬಿಡ್ತೀನಿ. ಕಟ್ಟಡ ಎರಡಂತಸ್ತು, ಇಟ್ಟಿಗೆಗೆ ಸುಣ್ಣದ ಗಾರೆ, ಮರದ ತೊಲೆ, ಮೇಲೆ ಹೆಂಚು. ಮಧ್ಯದಲ್ಲಿ ಯಾರೋ ಪುಣ್ಯಾತ್ಮರು ಕೆಳಗಡೆ ಆಳೆತ್ತರಕ್ಕೆ ಸಿಮೆಂಟ್ ಮೆತ್ತಿದ್ರು. ಮುಂದಿನ ರಗಳೆ ಗೊತ್ತಲ್ಲ, ತೇವ ಹೊರಗೆ ಹೋಗೋಕೆ ದಾರಿ ಇಲ್ಲದೆ ಮೇಲಕ್ಕೆ ಏರಿ, ಸಿಮೆಂಟ್ ಮುಗಿಯೋ ಕಡೆ ಉಪ್ಪು ಕಟ್ಟಿ ಗಾರೆ ಪುಡಿಪುಡಿ.

ಮೊದಲನೇ ವರ್ಷ ಎಲ್ಲರೂ ಮಾಡೋದನ್ನೇ ಮಾಡಿದ್ವಿ. ಸ್ಟೇಜು, ಪೆಂಡಾಲು, ಮೈಕು, ಹಾರ, "125ನೇ ವರ್ಷದ ಸಂಭ್ರಮ" ಅಂತ ದೊಡ್ಡ ಬ್ಯಾನರು. ಮುಖ್ಯ ಅತಿಥಿ ಬಂದಿದ್ದು ಎರಡು ಗಂಟೆ ಲೇಟು, ಬಂದವರು ಮಾತಾಡಿದ್ದು ಕಟ್ಟಡ ಒಂದು ಬಿಟ್ಟು ಮಿಕ್ಕಿದ್ದೆಲ್ಲ. ಕೊನೆಗೆ ಕುರ್ಚಿ ಲೆಕ್ಕ ಹಾಕಿದ್ರೆ ಕೂತಿದ್ದವರು ನಲವತ್ತು ಜನ, ಅದರಲ್ಲಿ ಹತ್ತು ಜನ ಮೈಕಿನವರು, ಕುರ್ಚಿಯವರು. ಎತ್ತಿದ ದುಡ್ಡಲ್ಲಿ ನೂರಕ್ಕೆ ಎಪ್ಪತ್ತು ಭಾಗ ಪೆಂಡಾಲಿಗೇ ಹೋಯ್ತು, ಸೂರಿಗೆ ಅಂತ ಉಳಿದಿದ್ದು ಒಂದು ಸಾಲು ಹೆಂಚಿಗೂ ಸಾಲ್ತಿರ್ಲಿಲ್ಲ. ತಮಾಷೆ ಏನಂದ್ರೆ ಅವತ್ತು ಕಟ್ಟಡದ ಬಾಗಿಲೇ ತೆಗೆದಿರ್ಲಿಲ್ಲ, ಬೀಗದ ಕೈ ಇದ್ದವರು ಸ್ಟೇಜ್ ಮೇಲಿದ್ರು.

ಎರಡನೇ ವರ್ಷ ಏಪ್ರಿಲ್ 18, ವಿಶ್ವ ಪರಂಪರೆ ದಿನ, ಅವತ್ತೇ ಮಾಡ್ಬೇಕು ಅಂತ ನನ್ನ ಹಠ. ಅವತ್ತು ಇಂಥ ಕಾರ್ಯಕ್ರಮ ಇನ್ನೆಲ್ಲೆಲ್ಲೋ ಇರುತ್ತೆ, ಬರಬೇಕಾದವರು ಅಲ್ಲಿಗೆ ಹೋದ್ರು. ನಾನೇ ಜನರನ್ನ ಸುತ್ತಾಡಿಸಿ ಕಟ್ಟಡ ತೋರಿಸ್ತೀನಿ ಅಂತ ಹೊರಟು ಕಮಾನು, ಕಾರ್ನಿಸು ಅಂತ ಮುಕ್ಕಾಲು ಗಂಟೆ ಕೊರೆದೆ. ತಿರುಗಿ ನೋಡಿದ್ರೆ ಹಿಂದೆ ಆರು ಜನ, ಅದರಲ್ಲಿ ಒಬ್ಬರು ನನ್ನ ಹೆಂಡತಿ.

ಆಮೇಲೆ ಒಂದು ಮೂರು ತಿಂಗಳು ಈ ಸುದ್ದಿಗೇ ಹೋಗ್ಲಿಲ್ಲ. ಆಗ ತಲೇಲಿ ಕೊರೀತಿದ್ದಿದ್ದು ಮಾಲಿ ದೇಶದ ಜೆನ್ನೆ ಮಸೀದಿ. ಈಗಿರೋ ಕಟ್ಟಡ 1907ರದ್ದು, ಪೂರ್ತಿ ಮಣ್ಣು, ವರ್ಷಕ್ಕೊಂದ್ಸಲ ಇಡೀ ಊರು ಸೇರಿ ಅದಕ್ಕೆ ಹೊಸ ಮಣ್ಣು ಮೆತ್ತುತ್ತೆ. ಗೋಡೆಯಿಂದ ಹೊರಗೆ ಚಾಚಿರೋ ಮರದ ತುಂಡುಗಳೇ ಅವರಿಗೆ ಅಟ್ಟಣಿಗೆ. ಅಲ್ಲಿ ಹಬ್ಬ ಬೇರೆ, ರಿಪೇರಿ ಬೇರೆ ಅಲ್ಲ, ರಿಪೇರಿನೇ ಹಬ್ಬ. ನಾವು ಮಾಡ್ತಿದ್ದಿದ್ದು ಉಲ್ಟಾ, ಹಬ್ಬ ಮಾಡಿ ಉಳಿದ ದುಡ್ಡಲ್ಲಿ ರಿಪೇರಿ. ಉಳಿಯೋದಾದ್ರೂ ಎಲ್ಲಿಂದ?

ಸರಿ, ಮೆತ್ತೋಕೆ ಜನ ಬರಬೇಕಲ್ಲ. ಅದಕ್ಕೆ ದಾರಿ ಸಿಕ್ಕಿದ್ದು ಮೇಲಿನ ರೂಮಿನ ಬೀರು ಸರಿಸುವಾಗ. ಅದರ ಹಿಂದೆ ಪುಸ್ತಕ ಎರವಲು ಕೊಟ್ಟ ಹಳೇ ರಿಜಿಸ್ಟರ್‌ಗಳು, ಹನ್ನೊಂದು. ಬೆಳ್ಳಿಮೀನು ಅನ್ನೋ ಪುಸ್ತಕದ ಹುಳ ತಿಂದು ಅಂಚೆಲ್ಲ ಜರಡಿ ಆಗಿತ್ತು, ಆದ್ರೆ ಶಾಯಿ ಗಟ್ಟಿ. ತಾರೀಕು, ಸದಸ್ಯರ ಹೆಸರು, ಪುಸ್ತಕದ ನಂಬರು, ಸಹಿ, ಕೊನೇ ಕಾಲಂ "ವಾಪಸ್". ಬೆರಳಿಟ್ಟು ಕೆಳಗಿಳೀತಾ ಹೋದ್ರೆ ಆ ಕಾಲಮ್ಮಲ್ಲಿ ಅಲ್ಲಲ್ಲಿ ಖಾಲಿ. ಒಬ್ಬರ ಹೆಸರಿನ ಮುಂದೆ ಕೆಂಪು ಶಾಯೀಲಿ "ಮೂರು ಸಲ ಹೇಳಿದೆ" ಅಂತ ಬರೆದು ಅಡಿಗೆರೆ. ಆ ಹೆಸರು ನೋಡಿ ನಮ್ಮ ಖಜಾಂಚಿ ಸುಮ್ಮನಾಗಿಬಿಟ್ರು. ಅವರ ತಾತ!

ಅವರು ಅಲ್ಲೇ ಜೇಬಿಗೆ ಕೈ ಹಾಕಿ "ತಗೊಳ್ಳಿ, ತಾತನ ದಂಡ" ಅಂತ ದುಡ್ಡು ಕೊಟ್ರು. ಎರಡು ವರ್ಷದಿಂದ ಚಂದಾ ಕೇಳಿದ್ರೆ ಆಮೇಲೆ ನೋಡೋಣ ಅಂತಿದ್ದ ಮನುಷ್ಯ! ನನಗೆ ಅಲ್ಲೇ ಬಲ್ಬ್ ಹತ್ತಿದ್ದು. ಕಟ್ಟಡದ ಇತಿಹಾಸ ಯಾರಿಗೂ ಬೇಡ, ಅದರೊಳಗೆ ತಮ್ಮ ಮನೆಯವರ ಹೆಸರಿದೆ ಅಂದ್ರೆ ಎದ್ದು ಬರ್ತಾರೆ.

ಇನ್ನೊಬ್ಬರ ಜೊತೆ ಕೂತು ಹನ್ನೊಂದು ರಿಜಿಸ್ಟರನ್ನೂ ಫೋನಲ್ಲಿ ಫೋಟೋ ಹೊಡೆದು, ವಾಪಸ್ ಬಾರದ್ದನ್ನೆಲ್ಲ ಪಟ್ಟಿ ಮಾಡಿದ್ವಿ. ಸುಮಾರು 260 ಹೆಸರು. ಮನೆತನ, ಕಸುಬು, ಬೀದಿ ಹಿಡಿದು ಹುಡುಕಿ 180 ಮನೆ ಪತ್ತೆ ಆಯ್ತು. ಎರಡೂವರೆ ತಿಂಗಳ ಕೆಲಸ ಇದು, ಸಂಜೆ ಹೊತ್ತು ಮಾತ್ರ. ಅಷ್ಟು ಮನೆ ಪತ್ತೆ ಮಾಡಿದ್ದು ಹೇಗೆ ಅಂತ ಕೇಳ್ಬೇಡಿ, ಅದರಲ್ಲೊಂದು ಉಪಾಯ ಇದೆ, ಅದನ್ನ ಇಟ್ಕೊಂಡಿದೀನಿ.

ಮೊದಲು ಬರೆದ ಪತ್ರ ದೊಡ್ಡ ಎಡವಟ್ಟು. "ನಿಮ್ಮ ತಂದೆಯವರು ಪುಸ್ತಕ ಹಿಂದಿರುಗಿಸಿರುವುದಿಲ್ಲ, ದಂಡ ಇಷ್ಟು" ಅಂತ ಆಫೀಸ್ ಭಾಷೇಲಿ ಇಪ್ಪತ್ತು ಮನೆಗೆ ಕಳಿಸಿದ್ವಿ. ಒಬ್ಬರು ಪತ್ರ ಹಿಡ್ಕೊಂಡು ನನ್ನ ಬಾಗಿಲಿಗೇ ಬಂದ್ರು. "ತೀರ್ಕೊಂಡಿರೋ ನಮ್ಮಪ್ಪನ್ನ ಕಳ್ಳ ಅಂತಿದೀರೇನ್ರೀ?" ಅಂದ್ರು. ತಪ್ಪು ನಮ್ಮದೇ, ಕೈ ಮುಗಿದೆ. ಒಳಗೆ ಕರೆದು ರಿಜಿಸ್ಟರಿನ ಫೋಟೋ ತೋರಿಸ್ದೆ, ಅವರಪ್ಪನ ಸಹಿ ಹೇಗಿದೆಯೋ ಹಾಗೆ. ಅದನ್ನ ದೊಡ್ಡದು ಮಾಡಿ ಮಾಡಿ ನೋಡಿದ್ರು, ಆಮೇಲೆ "ಈ ಫೋಟೋ ನನಗೆ ಕಳಿಸಿ" ಅಂದ್ರು, ಧ್ವನಿ ಬೇರೆ ಆಗಿತ್ತು. ಮುಂದೆ ಪತ್ರದಲ್ಲಿ ದಂಡದ ಮೊತ್ತ ತೆಗೆದ್ವಿ, ಕಳ್ಳತನದ ವಾಸನೆ ಇರೋ ಪದ ತೆಗೆದ್ವಿ, ಸಹಿಯ ಫೋಟೋ ಅಂಟಿಸಿ "ಇವರು ಓದುತ್ತಿದ್ದ ಜಾಗ ನೋಡೋಕೆ ಬನ್ನಿ, ಪುಸ್ತಕ ಮನೇಲಿದ್ರೆ ತನ್ನಿ, ಇಲ್ಲದಿದ್ರೆ ದಂಡ ನಿಮ್ಮಿಷ್ಟ" ಅಂತ ಅಷ್ಟೇ. ಮೊದಲೇ ಮನೆಗೆ ಹೋಗಿ ಕೇಳಿ, ಒಪ್ಪಿದವರ ಹೆಸರು ಮಾತ್ರ ಗೋಡೆಗೆ ಹಾಕಿದ್ವಿ. ಇದನ್ನ ನೀವು ಮಾಡೋದಾದ್ರೆ ಈ ಒಂದು ವಿಷಯದಲ್ಲಿ ಮಾತ್ರ ಅವಸರ ಬೇಡ.

ಹಳೇ ದರದ ಪ್ರಕಾರವೇ ದಂಡ ಹಾಕೋಣ ಅಂತ ಒಬ್ಬರು ಲೆಕ್ಕ ಮಾಡಿದ್ರು, ಅಷ್ಟೂ ಜನದ್ದು ಸೇರಿಸಿದ್ರೂ ಪತ್ರದ ಅಂಚೆ ಖರ್ಚು ಹುಟ್ಟಲ್ಲ. "ನಿಮ್ಮಿಷ್ಟ" ಅಂದಿದ್ದೇ ಒಳ್ಳೇದಾಯ್ತು.

ತಾರೀಕೂ ಬದಲಾಯಿಸಿದ್ವಿ, ಮೊದಲನೇ ರಿಜಿಸ್ಟರಿನ ಮೊದಲ ಎಂಟ್ರಿ ಯಾವ ದಿನವೋ ಅದೇ ದಿನ. ಸ್ಟೇಜ್ ಇಲ್ಲ, ಮೈಕ್ ಇಲ್ಲ, ಅತಿಥಿ ಇಲ್ಲ. ಒಂದು ಮೇಜು, ಮೇಲೆ ರಿಜಿಸ್ಟರು, ಪಕ್ಕದಲ್ಲಿ ದಂಡದ ಡಬ್ಬಿ. ಬಂದವರು ನೆನಪಿನ ಲೆಕ್ಕದಲ್ಲಿ 340. ವಾಪಸ್ ಬಂದ ಪುಸ್ತಕ ಹದಿನಾಲ್ಕು, ಅದರಲ್ಲಿ ಎರಡು ನಮ್ಮದೇ ಅಲ್ಲ, ಬೇರೆ ಯಾವುದೋ ಲೈಬ್ರರಿ ಸೀಲು! ಮೂರು ತಲೆಮಾರು ಒಟ್ಟಿಗೆ ನಿಂತು ಒಂದು ಸಹಿ ನೋಡೋದು, "ನೋಡು, ಮುತ್ತಾತ ಬರೀತಿದ್ದಿದ್ದು ಹೀಗೆ" ಅನ್ನೋದು, ಆಮೇಲೆ ಡಬ್ಬಿಗೆ ಕೈ. ಸಂಜೆ ಎಣಿಸಿದ್ರೆ ಹಿಂದಿನ ಎರಡೂ ವರ್ಷ ಸೇರಿಸಿ ಎತ್ತಿದ್ದರ ಮೂರರಷ್ಟು, ಸೂರಿನ ಎಸ್ಟಿಮೇಟಿನ ಅರ್ಧಕ್ಕಿಂತ ಜಾಸ್ತಿ. ಖರ್ಚು ಅಂದ್ರೆ ಅಂಚೆ, ಕಾಗದ, ಒಂದು ಡಬ್ಬಿ. ಉಳಿದ ದುಡ್ಡಿಗೆ ಜಾಸ್ತಿ ಓಡಾಡ್ಲಿಲ್ಲ, ಬಂದಿದ್ದು ಎಷ್ಟು, ಯಾವುದಕ್ಕೆ ಹೋಯ್ತು ಅಂತ ದಿನಾ ಬಾಗಿಲ ಪಕ್ಕದ ಕರಿಹಲಗೆ ಮೇಲೆ ಬರೀತಿದ್ವಿ, ಅದನ್ನ ನೋಡಿ ಕೆಲವರು ಎರಡನೇ ಸಲ ಕೊಟ್ರು.

ಅವತ್ತೇ ಒಂದು ಎದೆ ಝಲ್ ಅನ್ಸೋ ಘಟನೆ. ಮೇಲಿನ ಹಾಲಿಗೆ ಒಮ್ಮೆಲೇ ಮೂವತ್ತು ಜನ ಹತ್ತಿಬಿಟ್ರು, ಕೆಳಗೆ ನಿಂತಿದ್ದ ನನಗೆ ತೊಲೆ "ಕಿರ್" ಅಂದಿದ್ದು ಕೇಳ್ತು. ಮೆಲ್ಲಗೆ ಎಲ್ಲರನ್ನೂ ಇಳಿಸಿ, ಎಂಜಿನಿಯರ್ ನೋಡೋವರೆಗೂ ಮೇಲೆ ಬಂದ್. ಈಗ ಹನ್ನೆರಡು ಜನಕ್ಕಿಂತ ಜಾಸ್ತಿ ಬಿಡಲ್ಲ, ಮೆಟ್ಟಿಲ ಹತ್ರ ಟೋಕನ್ನು. ಹಳೇ ಕಟ್ಟಡದಲ್ಲಿ ಜನ ಸೇರಿಸೋರು ಇದನ್ನ ಮೊದಲೇ ಯೋಚಿಸ್ಬೇಕಿತ್ತು, ನಾನು ಯೋಚಿಸಿರ್ಲಿಲ್ಲ, ಅಷ್ಟೇ.

ಗಾರೆ ಮೆತ್ತೋ ಕೆಲಸ ನಡೆದಿದ್ದು ಅದರ ಮುಂದಿನ ತಿಂಗಳು. ಮೊದಲು ಆ ಸಿಮೆಂಟ್ ಕಿತ್ತು ಗೋಡೆ ಒಣಗೋಕೆ ಬಿಟ್ವಿ. ಸುಣ್ಣ ಮೂರು ತಿಂಗಳ ಹಿಂದೆಯೇ ನೆನೆಹಾಕಿದ್ದು, ಒಂದಕ್ಕೆ ಮೂರು ಮರಳು, ಜೊತೆಗೆ ನಮ್ಮ ಮೇಸ್ತ್ರಿ ಹಾಕೋ ಇನ್ನೊಂದು ಸಾಮಾನು, ಅದನ್ನ ಅವರು ಬರೀಬೇಡಿ ಅಂದಿದ್ದಾರೆ. ಮರಳು ಯಾವುದು ಅಂತ ಜಗಳ ಬಂದಾಗ ಹಳೇ ಗಾರೆಯ ಚೂರು ಒಂದನ್ನ ಗಾಜಿನ ಲೋಟದಲ್ಲಿ ವಿನೆಗರ್ ಹಾಕಿ ಬಿಟ್ಟೆ. ಬುಸುಬುಸು ನೊರೆ. ಎರಡು ಮೂರು ದಿನ ವಿನೆಗರ್ ಬದಲಾಯಿಸ್ತಾ ಹೋದ್ರೆ ಸುಣ್ಣ ಕರಗಿ ತಳದಲ್ಲಿ ಹಳೇ ಮರಳು ಉಳೀತು, ದಪ್ಪ ಕಾಳು, ಸ್ವಲ್ಪ ಕೆಂಪು. ಅಂಥದ್ದೇ ಹುಡುಕಿ ತಂದ್ವಿ. (ಮರಳಲ್ಲಿ ಚಿಪ್ಪಿನ ಚೂರಿದ್ರೆ ಅದೂ ಕರಗುತ್ತೆ, ಲೆಕ್ಕ ತಪ್ಪುತ್ತೆ.) ಮಕ್ಕಳಿಗೆ ಈ ನೊರೆ ಎಷ್ಟು ಹಿಡಿಸ್ತು ಅಂದ್ರೆ ಈಗ ಪ್ರತಿ ವರ್ಷ ಅದಕ್ಕೇ ಒಂದು ಮೇಜು.

ಬಂದವರಿಗೆಲ್ಲ ಕರಣೆ ಕೊಟ್ಟು ಒಂದೊಂದು ಅಡಿ ಮೆತ್ತಿಸಿದ್ವಿ. ಅರ್ಧ ಸೊಟ್ಟ, ಮೇಸ್ತ್ರಿ ರಾತ್ರಿ ಕೂತು ಸರಿ ಮಾಡಿದ್ರು, ಜನರಿಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬ ಹುಡುಗನ ಕಣ್ಣಿಗೆ ಸುಣ್ಣ ಸಿಡೀತು. ಹತ್ತಿರದಲ್ಲೇ ನೀರಿತ್ತು, ಬಹಳ ಹೊತ್ತು ತೊಳೆದು ಡಾಕ್ಟರ ಹತ್ರ ಕರ್ಕೊಂಡು ಹೋದ್ವಿ, ಏನೂ ಆಗ್ಲಿಲ್ಲ, ಆದ್ರೆ ನನ್ನ ಕೈಕಾಲು ನಡುಗಿದ್ದು ಸಂಜೆವರೆಗೂ ನಿಲ್ಲಲಿಲ್ಲ. ಅಲ್ಲಿಂದ ಕನ್ನಡಕ, ಗ್ಲೌಸ್ ಇಲ್ಲದೆ ಯಾರಿಗೂ ಕರಣೆ ಇಲ್ಲ, ಎಂಥ ದೊಡ್ಡವರಾದ್ರೂ.

ಆ ಸಿಮೆಂಟ್ ಕೀಳುವಾಗ ಇನ್ನೊಂದು ಪಜೀತಿ. ಬಾಗಿಲ ಎಡಗಡೆ ಚಕ್ಕೆ ಎದ್ದಿದ್ದೇ ಒಳಗೆ ಕಲ್ಲು, ಕಲ್ಲಿನ ಮೇಲೆ ಶುರುವಾದ ವರ್ಷ. ಲೆಕ್ಕ ಹಾಕಿದ್ರೆ ಕಟ್ಟಡಕ್ಕೆ 98 ವರ್ಷ. ನಾವು ಆಗಲೇ 125 ಆಚರಿಸಿ ಮುಗಿಸಿದ್ವಲ್ಲ! ಒಂದು ವಾರ ಸಿಕ್ಕಸಿಕ್ಕವರೆಲ್ಲ ನಕ್ಕಿದ್ದೇ ನಕ್ಕಿದ್ದು. ಈಗ ಕಟ್ಟಡದ ಇತಿಹಾಸ ಬರೆದಿರೋ ಬೋರ್ಡಲ್ಲಿ ದಾಖಲೆ ಇರೋ ವಿಷಯಕ್ಕೆ ಒಂದು ಬಣ್ಣ, ಬರೀ ಬಾಯಿಮಾತಿಗೆ ಇನ್ನೊಂದು ಬಣ್ಣ. ಒಳ್ಳೇದೇ ಆಯ್ತು ಬಿಡಿ, ನೂರು ತುಂಬೋ ನೆಪದಲ್ಲಿ ಇನ್ನೊಂದ್ಸಲ ದುಡ್ಡು ಎತ್ತಬಹುದು.

ಮೇಲಿನ ಬಾಲ್ಕನಿ ಕಟಾಂಜನ ಯಾವತ್ತೋ ಬಿದ್ದುಹೋಗಿತ್ತು, ಹೇಗಿತ್ತು ಅಂತ ಯಾರಿಗೂ ನೆನಪಿಲ್ಲ. ಮದುವೆ ಫೋಟೋ, ಗ್ರೂಪ್ ಫೋಟೋ ಏನಿದ್ರೂ ತನ್ನಿ ಅಂದ್ವಿ, ಅರವತ್ತು ಬಂತು, ಒಂಬತ್ತರಲ್ಲಿ ಹಿಂದೆ ಕಟ್ಟಡ ಕಾಣ್ತಿತ್ತು, ಒಂದರಲ್ಲಿ ಮಾತ್ರ ವರನ ಪೇಟದ ಪಕ್ಕದಲ್ಲಿ ಎರಡು ಗೇಣು ಕಟಾಂಜನ. ಅಷ್ಟು ಸಾಕು. ಎರಡನೇ ಮಹಾಯುದ್ಧದಲ್ಲಿ ನೆಲಸಮ ಆದ ಪೋಲೆಂಡಿನ ವಾರ್ಸಾ ಹಳೇ ಪೇಟೆಯನ್ನ ಮತ್ತೆ ಕಟ್ಟುವಾಗ ಬೆಲ್ಲೊಟ್ಟೊ ಅನ್ನೋ ಚಿತ್ರಕಾರ ಬರೆದಿದ್ದ 18ನೇ ಶತಮಾನದ ಚಿತ್ರಗಳನ್ನೂ ನೋಡ್ಕೊಂಡ್ರಂತೆ, ನಮ್ಮದು ಮದುವೆ ಫೋಟೋ. ಬಡಗಿ ಹೊಸದಕ್ಕೂ ಹಳೇದರ ಬಣ್ಣವೇ ಬಳಿತೀನಿ, ಗೊತ್ತೇ ಆಗಬಾರದು ಅಂದ್ರು. ನಾನು ಬೇಡ ಅಂದೆ. ಹಳೇ ಕಟ್ಟಡ ಉಳಿಸೋದು ಹೇಗೆ ಅಂತ ಬೇರೆ ಬೇರೆ ದೇಶದ ತಜ್ಞರು ಸೇರಿ ಬರೆದ 1964ರ ವೆನಿಸ್ ಚಾರ್ಟರ್ ಹೇಳೋದು ಸೇರಿಸಿದ್ದು ಹೊಂದ್ಕೋಬೇಕು, ಆದ್ರೆ ಹಳೇದಲ್ಲ ಅಂತ ಗುರುತೂ ಸಿಗಬೇಕು ಅಂತ. ಕೊನೆಗೆ ರಾಜಿ ಆಗಿ ಬಣ್ಣ ಒಂದೇ, ಹಿಂಬದಿಯಲ್ಲಿ ವರ್ಷ ಕೆತ್ತಿದ್ವಿ. ಇದು ಸರಿಯೋ ತಪ್ಪೋ, ತಿಳಿದವರು ಬೈಯ್ಯಬಹುದು.

ಇನ್ನು ಗಾಜಿನ ಕಥೆ. ಉತ್ತರದ ಗೋಡೇಲಿ ಮೂರು ಬಿರುಕು, ಬೆಳೀತಿದೆಯೋ ನಿಂತಿದೆಯೋ ನೋಡೋಕೆ ಮೂರಕ್ಕೂ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದಿಟ್ವಿ. ಗೋಡೆ ಅಲುಗಿದ್ರೆ ಗಾಜು ಸೀಳುತ್ತೆ. ಆಮೇಲೆ ನೋಡಿದ್ರೆ ವಾಕಿಂಗ್ ಹೋಗೋರೆಲ್ಲ ದಿನಾ ನಿಂತು ಗಾಜು ನೋಡೋದು, "ಎರಡನೇದು ಹೋಗುತ್ತೆ ನೋಡ್ತಿರಿ" ಅಂತ ಬೆಟ್ಟಿಂಗು! ಯಾವ ಭಾಷಣಕ್ಕೂ ಬರದ ಜನ. ಐದು ತಿಂಗಳಾದ ಮೇಲೆ ಮಧ್ಯದ್ದು ಒಡೀತು, ಎಲ್ಲರೂ ಗಾಬರಿ, ಕೊನೆಗೆ ನೋಡಿದ್ರೆ ಹುಡುಗರ ಕ್ರಿಕೆಟ್ ಬಾಲು. ಹೊಸದು ಹಾಕಿದ್ವಿ.

ಹೋದ ವಾರ ಮೂರನೇದರಲ್ಲಿ ಕೂದಲೆಳೆಯಷ್ಟು ಗೀಟು ಬಿದ್ದಿದೆ, ಇದು ಬಾಲ್ ಅಲ್ಲ. ಸೂರಿನ ನೀರು ಈಗ ಒಳಗೆ ಬರಲ್ಲ ಸರಿ, ಆದ್ರೆ ಇಳಿಯೋ ಪೈಪು ಅದೇ ಮೂಲೇಲಿ ಬುನಾದಿ ಪಕ್ಕಕ್ಕೇ ಸುರೀತಿದೆ ಅಂತ ನನ್ನ ಗುಮಾನಿ. ಭಾನುವಾರ ಅಲ್ಲಿ ಅಗೆದು ನೋಡ್ಬೇಕು, ಖಜಾಂಚಿಯವರು ಗುದ್ದಲಿ ತರ್ತೀನಿ ಅಂದಿದ್ದಾರೆ.